ಶಿಬಿರದ ಕೊನೆಯ ದಿನ ಮಕ್ಕಳಿಗೆ ವೇಷ ಕಟ್ಟಬೇಕಾ?

ಬಾರ್ಕೂರು ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಾರ್ಕೂರಿನ ಹತ್ತಿರದವಳು. ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಟೀಚರ್ ಆಗಿದ್ದು ಈಗ ನಿವೃತ್ತಳಾಗಿದ್ದೇನೆ. ಮೂರು ವರ್ಷದಿಂದ ಎಪ್ರಿಲ್ ರಜೆಯಲ್ಲಿ ಊರಿನ ಮಕ್ಕಳಿಗೆ 7 ದಿನದ ಶಿಬಿರ ಮಾಡುತ್ತಾ ಬಂದಿದ್ದೇವೆ. ಬೆಳಿಗ್ಗೆ ಯಕ್ಷಗಾನದ ಹೆಜ್ಜೆ, ನಮ್ಮ ಕಡೆಯ ಬಡಗುತಿಟ್ಟು ಶೈಲಿಯದ್ದು. ಮಧ್ಯಾಹ್ನ ಊಟ ಆದ ಮೇಲೆ ಪದ, ಪಾಡ್ದನ (ತುಳುವಿನ ಕಥನ ಹಾಡು), ಕಥೆ. ಸಂಜೆ ಅಂಗಳದಲ್ಲಿ ಆಟ. ಈ ಸಲ 32 ಮಕ್ಕಳ ಹೆಸರು ಬಂದಿದೆ. 2ನೇ ಕ್ಲಾಸಿನಿಂದ 9ನೇ ಕ್ಲಾಸಿನವರೆಗಿನವರು ಇದ್ದಾರೆ.

ನನ್ನ ಪ್ರಶ್ನೆ ಒಂದೇ. ಕೊನೆಯ ದಿನ ಮಕ್ಕಳಿಗೆ ಪೂರ್ತಿ ವೇಷ ಕಟ್ಟಿಸಿ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಆಡಿಸಬೇಕಾ, ಬೇಡವಾ?

ಯಾಕೆ ಕೇಳುತ್ತಿದ್ದೇನೆ ಎಂದು ಹೇಳುತ್ತೇನೆ. ಕಳೆದ ವರ್ಷ ಕೊನೆಯ ದಿನ ಅಭಿಮನ್ಯುವಿನ ಕಥೆ ಇಟ್ಟುಕೊಂಡಿದ್ದೆವು. ಆಟ ಸಂಜೆ 6ಕ್ಕೆ. ಇಷ್ಟೊಂದು ಮಕ್ಕಳ ಮುಖಕ್ಕೆ ಬಣ್ಣ ಹಾಕಿ, ಕಸೆ ಸೀರೆ ಉಡಿಸಿ, ತಲೆ ಕಟ್ಟಿ ಮುಗಿಯಬೇಕಲ್ಲ, ಅದಕ್ಕೆ ಮಧ್ಯಾಹ್ನ 2 ಗಂಟೆಯಿಂದಲೇ ಚೌಕಿಯಲ್ಲಿ ಕೆಲಸ ಶುರು. ವೇಷ ಕಟ್ಟುವ ಈ ಚೌಕಿ ನಮ್ಮಲ್ಲಿ ಶಾಲೆಯ ಒಂದು ಕೋಣೆ, ಎರಡು ಫ್ಯಾನು, ಮೇಲೆ ಶೀಟು. ಎಪ್ರಿಲ್ ತಿಂಗಳ ನಮ್ಮ ಸೆಖೆ ನಿಮಗೆಲ್ಲ ಗೊತ್ತಲ್ಲ. 3ನೇ ಕ್ಲಾಸಿನ ಒಂದು ಹುಡುಗಿಗೆ ಮೊದಲೇ ಕಟ್ಟಿ ಮುಗಿಸಿ ಕುಳ್ಳಿರಿಸಿದ್ದರು. ಮೂರು ಗಂಟೆ ಹೊತ್ತು ಅದು ಹಾಗೇ ಕೂತಿತ್ತು. ಮೂತ್ರಕ್ಕೆ ಹೋದರೆ ವೇಷ ಬಿಚ್ಚಬೇಕಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನೀರು ಕೂಡ ಕುಡಿದಿರಲಿಲ್ಲ. ರಂಗಸ್ಥಳಕ್ಕೆ ಹೋಗುವ ಹೊತ್ತಿಗೆ ನನ್ನ ಸೆರಗು ಹಿಡಿದುಕೊಂಡು "ಟೀಚರ್, ಕಣ್ಣು ಕಾಣ್ತಾ ಇಲ್ಲ" ಎಂದಿತು. ಬಣ್ಣ ಬೆವರಲ್ಲಿ ಕರಗಿ ಕಣ್ಣಿಗೆ ಇಳಿದಿದೆ ಅಂದುಕೊಂಡೆ. ಅಷ್ಟರಲ್ಲಿ ನನ್ನ ಕಾಲ ಬುಡದಲ್ಲೇ ಕುಸಿಯಿತು. ತಲೆಯ ಕಟ್ಟು ಬಿಚ್ಚಿ ನೋಡಿದರೆ ಹಣೆಯ ಸುತ್ತ ಹಗ್ಗದ ಗೆರೆ ಕೆಂಪಗೆ ಬಿದ್ದಿತ್ತು, ಬೆರಳಿಟ್ಟರೆ ತಗ್ಗು ಸಿಗುವಷ್ಟು. ನೀರು, ಬೆಲ್ಲ ಕೊಟ್ಟು ಗಾಳಿ ಹಾಕಿದ ಮೇಲೆ ಎಚ್ಚರ ಆಯಿತು. ದೇವರ ದಯೆ, ಬೇರೆ ಏನೂ ಆಗಲಿಲ್ಲ. ಆದರೆ ಆ ಗೆರೆ ನನ್ನ ಕಣ್ಣಿಂದ ಹೋಗಿಲ್ಲ.

ವೇಷ ಕಟ್ಟಿದವರನ್ನು ದೂರುವುದಿಲ್ಲ, ಅವರು ದೊಡ್ಡವರಿಗೆ ಕಟ್ಟುವ ಹಾಗೆ ಕಟ್ಟಿದರು. ಹೊತ್ತು ಇಟ್ಟವಳು ನಾನು, ನೀರು ಕುಡಿಸದವಳೂ ನಾನು.

ಇನ್ನೊಂದು ಸಂಕಟ ಉಂಟು. ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ವೇಷದ ಬಾಡಿಗೆಗೇ ಹೋಗುತ್ತದೆ. 4ನೇ ದಿನದಿಂದ ಪಾಠ ನಿಂತು ರಿಹರ್ಸಲ್ ಶುರುವಾಗುತ್ತದೆ. ಯಾರು ಯಾವ ಕಡೆಯಿಂದ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಗಿಳಿಪಾಠ. ಶಿಬಿರ ಮುಗಿದು ಒಂದು ತಿಂಗಳ ಮೇಲೆ ಕೇಳಿದರೆ ಯಾವ ಮಗುವಿಗೂ ಒಂದು ತಾಳ ಕೈಯಲ್ಲಿ ಹಾಕಿ ತೋರಿಸಲು ಬರುವುದಿಲ್ಲ. ಫೋಟೋ ಮಾತ್ರ ಎಲ್ಲರ ಮನೆಯ ಗೋಡೆಯಲ್ಲಿ ಉಂಟು.

ಸಮಿತಿಯವರು ವೇಷ ಇರಲೇಬೇಕು ಎನ್ನುತ್ತಾರೆ, ಇಲ್ಲದಿದ್ದರೆ ಪೋಷಕರು ಮಕ್ಕಳನ್ನು ಕಳಿಸುವುದಿಲ್ಲವಂತೆ. ಈ ಸಲ ಒಬ್ಬರು "ಭೂತಕೋಲದ ಕುಣಿತವೂ ಇರಲಿ, ಜನ ಸೇರುತ್ತಾರೆ" ಎಂದರು. ಇನ್ನೊಬ್ಬರು ಮೆರವಣಿಗೆಗೆ ಕೊರಗರ ಡೋಲು ತರಿಸುವ ಎಂದರು. ನನಗೆ ಎರಡೂ ಸರಿ ಕಾಣಲಿಲ್ಲ, ಆದರೆ ಯಾಕೆ ಸರಿಯಲ್ಲ ಎಂದು ಬಿಡಿಸಿ ಹೇಳಲು ಆಗಲಿಲ್ಲ. ಶಿಬಿರ ಮಾಡಿದವರು, ಮಕ್ಕಳನ್ನು ಕಳಿಸಿದವರು, ಮೇಳದಲ್ಲಿ ಇದ್ದವರು ದಯವಿಟ್ಟು ಹೇಳಿ.


ಕಾವೂರಿನ ಅಮ್ಮ:

ಟೀಚರ್, ನಿಮ್ಮ ಬೇಸರ ಅರ್ಥ ಆಗ್ತದೆ. ಆದರೆ ನನ್ನ ಮಗನ ವಿಷಯ ಹೇಳದೆ ಇರ್ಲಿಕ್ಕೆ ಆಗುವುದಿಲ್ಲ.

ನಾವು ಮಂಗಳೂರಿನವರು, ಇಲ್ಲಿ ಯಕ್ಷಗಾನದ ದಕ್ಷಿಣದ ಶೈಲಿ, ತೆಂಕುತಿಟ್ಟು. ಅವ 8 ವರ್ಷದವ ಇರುವಾಗ ಒಂದು ವಾರದ ಶಿಬಿರಕ್ಕೆ ಕಳಿಸಿದ್ದೆ. ಐದು ದಿನ ದಿನಾ ಅಳು. ಕಾಲು ನೋವು, ಚೆಂಡೆ ಶಬ್ದಕ್ಕೆ ತಲೆನೋವು, ನಾಳೆ ಹೋಗುವುದಿಲ್ಲ ಅಂತ. ಕೊನೆಯ ದಿನ ಕಿರೀಟ ಇಟ್ಟು, ಭುಜಕೀರ್ತಿ ಕಟ್ಟಿ, ಕೈಗೆ ಬಿಲ್ಲು ಕೊಟ್ಟು ಕನ್ನಡಿ ಎದುರು ನಿಲ್ಲಿಸಿದರು. ಕನ್ನಡಿಯಲ್ಲಿ ತನ್ನನ್ನು ನೋಡಿ ಬಾಯಿ ಬಿಟ್ಟು ನಿಂತ. ಮಾತೇ ಇಲ್ಲ. ಮನೆಗೆ ಬಂದು ಬಣ್ಣ ತೆಗೆಯಲು ಬಿಡಲಿಲ್ಲ, ಹಾಗೇ ಮಲಗಿದ, ತಲೆದಿಂಬು ಕೆಂಪು ಹಳದಿ. ಮರುದಿನ ಅವನೇ ಕೇಳಿದ್ದು, "ಅಮ್ಮ, ಇನ್ನು ಯಾವಾಗ?" ಈಗ ಮೂರು ವರ್ಷದಿಂದ ಪ್ರತಿ ಆದಿತ್ಯವಾರ ಕ್ಲಾಸಿಗೆ ಹೋಗ್ತಾನೆ. ಧೀಂಗಿಣ (ಸುತ್ತು ಹಾರುವ ಕುಣಿತ) ಹಾಕುವಾಗ ನಮ್ಮ ಮನೆಯ ಹಾಲಿನಲ್ಲಿ ಕುರ್ಚಿ ಎಲ್ಲ ಬದಿಗೆ ಸರಿಸಬೇಕು!

ಅವನನ್ನು ಯಕ್ಷಗಾನಕ್ಕೆ ಎಳೆದದ್ದು ಆ ಕಿರೀಟವೇ. ನಮ್ಮಲ್ಲಿ ಮರದ ಕಿರೀಟ ತಯಾರು ಇರ್ತದೆ, ಇಟ್ಟು ಕಟ್ಟಿದರೆ ಆಯ್ತು, ಹಾಗಾಗಿ ಅಷ್ಟು ಹೊತ್ತು ಹಿಡಿಯುವುದಿಲ್ಲ. ನಿಮ್ಮ ಬಡಗಿನ ಮುಂಡಾಸು ಬಟ್ಟೆ ಸುತ್ತಿ ಸುತ್ತಿ ತಲೆಯಲ್ಲೇ ಕಟ್ಟುವುದಲ್ವಾ, ಅದು ಮಕ್ಕಳಿಗೆ ಕಷ್ಟವೇ. ಹೊತ್ತು ಕಡಿಮೆ ಮಾಡಿ, ನೀರು ಕುಡಿಸಿ, ಸಣ್ಣವರಿಗೆ ಕೊನೆಗೆ ಕಟ್ಟಿಸಿ. ವೇಷವನ್ನೇ ತೆಗೆದುಬಿಡಬೇಡಿ.


ಕೋಟದ ಮದ್ದಳೆ:

ಟೀಚರೇ, ನಾನು ಹಿಮ್ಮೇಳದವ, ಹಾಡು ವಾದ್ಯದ ಕಡೆಯವ. 22 ವರ್ಷ ಮೇಳದಲ್ಲಿ ಮದ್ದಳೆ ನುಡಿಸಿದೆ, ಈಗ ಊರಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ವೇಷ ಬೇಕಾ ಬೇಡವಾ ಎಂದು ಕೇಳಿದ್ದೀರಿ. ಯಾವ ವೇಷ ಎಂದು ನಾನು ತಿರುಗಿ ಕೇಳುತ್ತೇನೆ. ಹಿಂದೆ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ವರ್ಷ ಯಾರಾದರೂ ಅಭಿಮನ್ಯುವಿನ ವೇಷ ಕೊಡುತ್ತಿದ್ದರಾ? ಕಲಿಯುವವರ ಮೊದಲ ವೇಷ, ಕೋಡಂಗಿ ಕಟ್ಟುತ್ತಿದ್ದರು. ಸಂಜೆ ಜನ ಸೇರುವ ಮೊದಲು, ಚಾಪೆ ಹಾಸುತ್ತಾ ಇರುವಾಗ, ಕಡ್ಲೆಯವರು ದೀಪ ಹಚ್ಚುತ್ತಾ ಇರುವಾಗ ಕೋಡಂಗಿ ರಂಗಸ್ಥಳಕ್ಕೆ ಬಂದು ನಾಲ್ಕು ಹೆಜ್ಜೆ ಹಾಕಿ ಹೋಗಬೇಕು. ತಪ್ಪಿದರೂ ನೋಡುವವರಿಲ್ಲ. ಭಾಗವತರು ನೋಡುತ್ತಾರೆ, ಮದ್ದಳೆಯವ ನೋಡುತ್ತಾನೆ, ಅಷ್ಟೇ. ತಾಳ ಕಾಲಿಗೆ ಕೂತ ಮೇಲೆ ಬಾಲಗೋಪಾಲ. ಅದು ಕೂತ ಮೇಲೆ ಪೀಠಿಕೆ ಸ್ತ್ರೀವೇಷ. ಕಥೆ ಶುರುವಾಗುವ ಮೊದಲಿನ ಈ ಪೂರ್ವರಂಗ ಎಂದರೆ ದೇವರ ಸ್ತುತಿ ಮಾತ್ರ ಅಲ್ಲ, ಅದು ಮೇಳದ ಶಾಲೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ವೇಷ. ಈಗ ಆಟಕ್ಕೆ ಕಾಲಮಿತಿ ಬಂದು ಪೂರ್ವರಂಗ ಬಹಳ ಕಡೆ ಮೊಟಕಾಗಿದೆ, ಕೆಲವು ಕಡೆ ಇಲ್ಲವೇ ಇಲ್ಲ. ಹಾಗಾಗಿ ಶಿಬಿರದವರಿಗೂ ಅದು ನೆನಪಾಗುವುದಿಲ್ಲ, ಸೀದಾ ಒಡ್ಡೋಲಗಕ್ಕೇ, ದೊಡ್ಡ ವೇಷಗಳ ಪ್ರವೇಶಕ್ಕೇ, ಹಾರುತ್ತಾರೆ.

ಏಳು ದಿನದಲ್ಲಿ ಮಗು ಕೋಡಂಗಿ ಆಗಬಹುದು. ನಿಜವಾದ ಕೋಡಂಗಿ. ತಲೆಗೆ ಭಾರ ಇಲ್ಲ, ಎದೆಗೆ ಕಟ್ಟು ಇಲ್ಲ, ಹಗುರ ಬಟ್ಟೆ, ಮುಖಕ್ಕೆ ಎರಡು ಗೆರೆ ಬಣ್ಣ, ಕಾಲಿಗೆ ಗೆಜ್ಜೆ. ಕಾವೂರಿನ ಅಮ್ಮ ಹೇಳಿದ್ದರಲ್ಲಿ ಸತ್ಯ ಉಂಟು, ಕನ್ನಡಿಯಲ್ಲಿ ತನ್ನ ಮುಖ ಬೇರೆಯಾಗಿ ಕಾಣಬೇಕು ಮಗುವಿಗೆ. ಎರಡು ಗೆರೆ ಬಣ್ಣಕ್ಕೂ ಅದು ಆಗುತ್ತದೆ. ನಾನು ನೋಡಿದ್ದೇನೆ.

ಇನ್ನು ಪಾಠದ ವಿಷಯ. ಮೊದಲ ಎರಡು ದಿನ ಕಾಲು ಎತ್ತಿಸಬೇಡಿ. ಬಾಯಿತಾಳ ಮಾತ್ರ, ತಾಳವನ್ನು ಬಾಯಲ್ಲಿ ಹೇಳುವುದು. ಕೂತು ಹೇಳಲಿ, ನಡೆಯುತ್ತಾ ಹೇಳಲಿ, ಊಟಕ್ಕೆ ಸಾಲಿನಲ್ಲಿ ನಿಂತಾಗ ಹೇಳಲಿ. ಏಕತಾಳಕ್ಕೆ ನಾಲ್ಕು ಎಣಿಕೆ, ರೂಪಕಕ್ಕೆ ಆರು, ತ್ರಿವುಡೆಗೆ ಏಳು. ಝಂಪೆ, ಅಷ್ಟ ಎಲ್ಲ ಈ ವಾರಕ್ಕೆ ಬೇಡ. ಮೂರು ತಾಳ ಸಾಕು, ಆದರೆ ಆ ಮೂರು ಮಗುವಿನ ಮೈಯಲ್ಲಿ ಇಳಿಯಬೇಕು. ಬಾಯಲ್ಲಿ ಬಾರದ ತಾಳ ಕಾಲಿಗೆ ಬರುವುದಿಲ್ಲ. ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಉಂಟಲ್ಲ, ಶಿವರಾಮ ಕಾರಂತರ ಕಾಲದಲ್ಲಿ, 1971ರಲ್ಲಿ ಶುರುವಾದದ್ದು, ಅಲ್ಲಿ ಹುಡುಗರು ಗುರುಗಳ ಜೊತೆಗೇ ಉಳಿದು ಕಲಿಯುತ್ತಾರೆ. ಅಷ್ಟು ಕಾಲ ಕೂತು ಕಲಿಯುವ ವಿದ್ಯೆಯನ್ನು ನಾವು ಏಳು ದಿನದಲ್ಲಿ ತೋರಿಸಿಬಿಡುತ್ತೇವೆ ಎಂದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ.

ಮತ್ತೊಂದು. ಎಲ್ಲಿ ಕುಣಿಸುತ್ತೀರಿ? ಟೈಲ್ಸ್ ಅಥವಾ ಸಿಮೆಂಟ್ ನೆಲ ಆದರೆ ಮೂರನೇ ದಿನಕ್ಕೆ ಹಿಮ್ಮಡಿ ನೋವು ಬರುತ್ತದೆ. ಮಣ್ಣಿನ ಅಂಗಳ, ಮೇಲೆ ಮಡಲಿನ ಚಪ್ಪರ, ಬೆಳಿಗ್ಗೆ ನೀರು ಚಿಮುಕಿಸಿ ಸೆಗಣಿ ಸಾರಿಸಿದರೆ ಕಾಲಿಗೆ ತಂಪು. ಗುರುಗಳು ಮೇಳದಲ್ಲಿ ಇರುವವರಾದರೆ ಅವರನ್ನು ಬೆಳಿಗ್ಗೆ 8ಕ್ಕೆ ಬನ್ನಿ ಎನ್ನಬೇಡಿ. ಪತ್ತನಾಜೆವರೆಗೆ ಮೇಳದ ತಿರುಗಾಟ ಇರುತ್ತದೆ, ತುಳುವಿನ ಬೇಶ ತಿಂಗಳ 10ಕ್ಕೆ, ಅಂದರೆ ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚುವವರೆಗೆ ಅವರಿಗೆ ರಾತ್ರಿಯೇ ಹಗಲು. ನಿದ್ದೆಗೆಟ್ಟ ಗುರುವಿಗೆ ಸಿಟ್ಟು ಬೇಗ ಬರುತ್ತದೆ, ಅದು ಸಣ್ಣ ಮಕ್ಕಳ ಮೇಲೆ ಬೀಳುತ್ತದೆ.


ಬಾರ್ಕೂರು ಟೀಚರ್:

ಮದ್ದಳೆಯವರೇ, ಕೋಡಂಗಿ! ಸಣ್ಣವಳಿರುವಾಗ ಅಪ್ಪನ ಜೊತೆ ಆಟಕ್ಕೆ ಹೋದರೆ ನಾನು ಎಚ್ಚರ ಇರುತ್ತಿದ್ದದ್ದೇ ಕೋಡಂಗಿ, ಬಾಲಗೋಪಾಲ ಮುಗಿಯುವವರೆಗೆ. ಆಮೇಲೆ ಅಪ್ಪನ ಬೈರಾಸಿನಲ್ಲಿ ನಿದ್ದೆ. ಇಷ್ಟು ವರ್ಷ ಇದು ನನಗೆ ಹೊಳೆಯಲಿಲ್ಲ ನೋಡಿ.

ಬಾಯಿತಾಳದ ಬಗ್ಗೆ ನಾನು ಕಂಡದ್ದು ಒಂದು ಹೇಳುತ್ತೇನೆ, ಸರಿಯೋ ತಪ್ಪೋ ನೀವು ಹೇಳಬೇಕು. ಕಳೆದ ವರ್ಷ 4ನೇ ಕ್ಲಾಸಿನ ಒಬ್ಬ ಹುಡುಗನಿಗೆ ತ್ರಿವುಡೆ ಹತ್ತುತ್ತಲೇ ಇರಲಿಲ್ಲ. ಏಳನ್ನು ಯಾವಾಗಲೂ ಎಂಟು ಮಾಡುತ್ತಿದ್ದ, ಕೊನೆಗೆ ಒಂದು ಪೆಟ್ಟು ಹೆಚ್ಚು. ಊಟ ಆದ ಮೇಲೆ ಜಗಲಿಯಲ್ಲಿ ಚೆನ್ನೆಮಣೆ (ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮಣೆ) ಇಟ್ಟುಕೊಂಡು ಕೂತಿದ್ದೆ. ಮಣೆಯ ಒಂದು ಬದಿಗೆ ಏಳು ಗುಳಿ ತಾನೇ. ಮೊದಲ ಗುಳಿ, ನಾಲ್ಕನೇ ಗುಳಿ, ಆರನೇ ಗುಳಿಗೆ ಒಂದೊಂದು ಮಂಜೊಟ್ಟಿ ಕಾಯಿ ಹಾಕಿದೆ. ಬೆರಳಿನಲ್ಲಿ ಗುಳಿ ಮುಟ್ಟುತ್ತಾ ಹೋಗು, ಕಾಯಿ ಇರುವಲ್ಲಿ ಜೋರಾಗಿ ಹೇಳು ಎಂದೆ. ತಕಿಟ, ತಕ, ಧಿಮಿ. ತಕಿಟ, ತಕ, ಧಿಮಿ. ಏಳು ಮುಗಿದ ಕೂಡಲೇ ಬೆರಳು ಮತ್ತೆ ಮೊದಲ ಗುಳಿಗೆ ಬರಲೇಬೇಕು, ಎಂಟನೆಯದಕ್ಕೆ ಜಾಗವೇ ಇಲ್ಲ. ಹತ್ತು ಸಲ ಹೋದ, ಹದಿನೈದು ಸಲ ಹೋದ. ಆಮೇಲೆ ಮಣೆ ನೋಡುವುದನ್ನೇ ಬಿಟ್ಟು ನನ್ನ ಮುಖ ನೋಡಿಕೊಂಡು ಹೇಳಲು ಶುರು ಮಾಡಿದ, ಬೆರಳು ಮಾತ್ರ ತನ್ನಷ್ಟಕ್ಕೆ ಓಡುತ್ತಿತ್ತು. ಕಣ್ಣು ಇಷ್ಟಗಲ. ಇಡೀ ಶಿಬಿರದಲ್ಲಿ ನನಗೆ ಅತ್ಯಂತ ಖುಷಿಯಾದ ಗಳಿಗೆ ಅದು, ಅದರ ಫೋಟೋ ಯಾರೂ ತೆಗೆದಿಲ್ಲ. ಸಂಜೆ ರಿಹರ್ಸಲ್‌ನಲ್ಲಿ ಅವನಿಗೆ ಸೈನಿಕನ ಪಾತ್ರ, ಬಂದು ನಿಂತು ಹೋಗುವುದು ಅಷ್ಟೇ. ಕಲಿತ ತ್ರಿವುಡೆಗೆ ಕೆಲಸವೇ ಇರಲಿಲ್ಲ.

ಅಂಗಳದ ಮಾತು ಒಪ್ಪಿದೆ. ಡೋಲು, ಕೋಲದ ವಿಷಯಕ್ಕೆ ಯಾರಾದರೂ ಹೇಳುವಿರಾ?


ಹೆಬ್ರಿ ಹುಡುಗ:

ಟೀಚರ್, ನಾನು ಕೊರಗ ಸಮುದಾಯದವನು. ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಅಜ್ಜ ಡೋಲು ಬಾರಿಸುತ್ತಿದ್ದರು. ಊರಿನ ಕೋಲಕ್ಕೆ, ಕಂಬಳಕ್ಕೆ, ಕರೆದಾಗ ಹೋಗಲೇಬೇಕಿತ್ತು. ದೂರ ನಿಲ್ಲಬೇಕು, ಊಟ ಕೊನೆಗೆ, ಅದೂ ಎಂಥ ಊಟ ಎಂದು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಅಜಲು ಎನ್ನುತ್ತಿದ್ದರು. ಸರಕಾರ 2000ದಲ್ಲಿ ಕಾಯ್ದೆ ತಂದು ಅದನ್ನು ನಿಷೇಧಿಸಿತು. ಹಾಗಾಗಿ "ಮೆರವಣಿಗೆಗೆ ಕೊರಗರ ಡೋಲು ತರಿಸುವ" ಎಂಬ ಮಾತು ಕೇಳಿದರೆ ನಮ್ಮ ಮನೆಯ ಹಿರಿಯರಿಗೆ ಹೇಗಾಗುತ್ತದೆ ಎಂದು ನಿಮ್ಮ ಸಮಿತಿಯವರು ಯೋಚಿಸಲಿ. ಆ "ತರಿಸುವ" ಎಂಬ ಶಬ್ದದಲ್ಲೇ ಎಲ್ಲ ಉಂಟು.

ಆದರೆ ಡೋಲು ಬೇಡ ಎಂದು ನಾನು ಹೇಳುವುದಿಲ್ಲ. ಅದು ನಮ್ಮದು, ನಮಗೆ ಪ್ರೀತಿಯದು. ಈಗ ನಾವು ಹುಡುಗರೇ ಸೇರಿ ನಮ್ಮ ಇಷ್ಟದಿಂದ ಬಾರಿಸುತ್ತೇವೆ, ಕುಣಿಯುತ್ತೇವೆ, ನಮ್ಮ ತಂಗಿಯಂದಿರೂ ಬಾರಿಸುತ್ತಾರೆ. ಶಿಬಿರಕ್ಕೆ ಕರೆಯುವುದಾದರೆ ಗುರುಗಳಾಗಿ ಕರೆಯಿರಿ. ಯಕ್ಷಗಾನದ ಗುರುಗಳಿಗೆ ಎಷ್ಟು ಗೌರವಧನವೋ ಅಷ್ಟೇ ಕೊಡಿ, ಅದೇ ಕುರ್ಚಿ, ಅದೇ ಪಂಕ್ತಿಯಲ್ಲಿ ಊಟ. ನಿಮ್ಮ ಮಕ್ಕಳು ಡೋಲನ್ನು ತಮ್ಮ ಕೈಯಲ್ಲಿ ಮುಟ್ಟಿ ಬಾರಿಸಿ ಕಲಿಯಲಿ. ನಮ್ಮ ಕೇರಿಯ ಮಕ್ಕಳೂ ಆ 32ರ ಜೊತೆ ಕೂತು ಕಲಿಯಲಿ. ಹಾಗಾದರೆ ನಾನೇ ಎರಡು ದಿನ ಬರುತ್ತೇನೆ. ಮೆರವಣಿಗೆಗೆ ಮಾತ್ರ ಬರುವುದಿಲ್ಲ.


ಕಾಪುವಿನ ಅಣ್ಣ:

ಕೋಲದ ವಿಷಯ ನಾನು ಹೇಳ್ತೇನೆ. ನಮ್ಮ ಕುಟುಂಬದ್ದು ದೈವಸ್ಥಾನದ ಚಾಕರಿ. ಟೀಚರ್, ಅದು ಕುಣಿತ ಅಲ್ಲ, ಕುಣಿತ ಅದರಲ್ಲಿ ಒಂದು ಭಾಗ. ನೇಮಕ್ಕೆ, ಅಂದರೆ ಕೋಲಕ್ಕೆ, ಮೊದಲು ದೈವ ಕಟ್ಟುವವರು ವ್ರತದಲ್ಲಿ ಇರ್ತಾರೆ, ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ತೆಗೆದುಕೊಳ್ಳುವ ಕ್ರಮ ಉಂಟು, ಗಗ್ಗರ ಎಂಬ ಕಾಲಂದುಗೆ ಕಾಲಿಗೆ ಏರುವ ಮೊದಲು ಪಾಡ್ದನ ಹೇಳಬೇಕು. ಊರಿನವರು ಎದುರು ನಿಂತು ತಮ್ಮ ಕಷ್ಟ ಹೇಳ್ತಾರೆ, ನುಡಿ ಕೇಳ್ತಾರೆ. ಅದನ್ನು ಸ್ಟೇಜಿನಲ್ಲಿ ಮಕ್ಕಳಿಂದ ಮಾಡಿಸಿ ಚಪ್ಪಾಳೆ ಹೊಡೆಸುವುದು ಸರಿ ಅಲ್ಲ. ಸಿನಿಮಾ ನೋಡಿದ ಮೇಲೆ ಎಲ್ಲ ಕಡೆ ಅದೇ ಕೂಗು ಹಾಕುವುದು ಶುರುವಾಗಿದೆ, ನಮಗೆ ಬಹಳ ನೋವಾಗ್ತದೆ.

ತುಳುನಾಡಿನ ಕುಣಿತವೇ ಬೇಕಾದರೆ ಆಟಿ ಕಳೆಂಜ ಉಂಟು, ಕಂಗೀಲು ಉಂಟು, ಕರಂಗೋಲು ಉಂಟು. ಅವೂ ಒಂದೊಂದು ಸಮುದಾಯದ್ದೇ, ಒಂದೊಂದು ತಿಂಗಳಿಗೆ ಸೇರಿದ್ದು. ಹೆಬ್ರಿಯ ತಮ್ಮ ಹೇಳಿದ ಹಾಗೆ ಆಯಾ ಜನರನ್ನೇ ಗೌರವದಿಂದ ಕರೆದು ಕೇಳಿ, ಅವರು ಒಪ್ಪಿದ್ದನ್ನು ಕಲಿಯಿರಿ. ಮತ್ತೆ ಪಾಡ್ದನಕ್ಕೆ ರೆಕಾರ್ಡ್ ಹಾಕಬೇಡಿ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟ ಅಜ್ಜಿಯಂದಿರು ನಿಮ್ಮ ಊರಲ್ಲಿ ಇನ್ನೂ ಇದ್ದಾರೆ. ಕರೆತಂದು ನಡುವಿನಲ್ಲಿ ಕುಳ್ಳಿರಿಸಿ. ಮೊದಲು "ನನಗೆ ಎಂತದೂ ಬರುವುದಿಲ್ಲ ಮಗಾ" ಅಂತಾರೆ. ಎಲೆ ಅಡಿಕೆ ಕೊಡಿ, ಸ್ವಲ್ಪ ಹೊತ್ತು ಕಾಯಿರಿ. ಒಬ್ಬರು ಸಾಲು ಎತ್ತಿದರೆ ಇನ್ನೊಬ್ಬರು ತನ್ನಿಂದ ತಾನೇ ಸೊಲ್ಲು ಕೊಡ್ತಾರೆ.


ಕಾವೂರಿನ ಅಮ್ಮ:

ಮದ್ದಳೆಯವರ ಮಾತು ಓದಿ ಮಗನಿಗೆ ಹೇಳಿದೆ. ಅವನ ಕ್ಲಾಸಿನಲ್ಲೂ ಮೊದಲ ವರ್ಷ ಬಾಲಗೋಪಾಲವೇ ಮಾಡಿಸಿದ್ದಂತೆ, ನನಗೆ ಮರೆತೇ ಹೋಗಿತ್ತು. ಟೀಚರ್, ಕೋಡಂಗಿಯಾದರೂ ಒಂದು ದೊಡ್ಡ ಕನ್ನಡಿ ಇಡಿ. ಅದೊಂದು ನನ್ನ ಕೋರಿಕೆ.


ಬಾರ್ಕೂರು ಟೀಚರ್:

ಎಲ್ಲರಿಗೂ ಉಪಕಾರ. ನಿನ್ನೆ ರಾತ್ರಿ ಸಮಿತಿಯ ಮೀಟಿಂಗ್ ಆಯಿತು. ನಿಮ್ಮ ಉತ್ತರಗಳನ್ನು ಪ್ರಿಂಟ್ ತೆಗೆದು ಓದಿ ಹೇಳಿದೆ. ಹೆಬ್ರಿಯ ಮಗನ ಮಾತು ಓದುವಾಗ ಯಾರೂ ಮಾತಾಡಲಿಲ್ಲ. "ತರಿಸುವ" ಎಂದವರೇ ಕೊನೆಗೆ "ನಾನೇ ಹೋಗಿ ಕರೆಯುತ್ತೇನೆ" ಎಂದರು. ಮಗಾ, 5 ಮತ್ತು 6ನೇ ದಿನ ನಿಮ್ಮದು. ನಿಮ್ಮ ಕೇರಿಯಿಂದ ಎಷ್ಟು ಮಕ್ಕಳು ಬರುತ್ತಾರೆ ಎಂದು ಹೇಳಿದರೆ ಊಟಕ್ಕೆ ಅಕ್ಕಿ ಲೆಕ್ಕ ಹಾಕಲು ಅನುಕೂಲ. ಬಸ್ಸಿನ ವ್ಯವಸ್ಥೆ ನಾವು ಮಾಡುತ್ತೇವೆ. ಕೋಲದ ಮಾತನ್ನು ಅಲ್ಲಿಗೇ ಬಿಟ್ಟೆವು.

ವೇಷದ ವಿಷಯಕ್ಕೆ ಜಗಳವೇ ಆಯಿತು. ಇಬ್ಬರು ಪೋಷಕರು ಹಾಗಾದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಎದ್ದು ಹೋಗಿದ್ದಾರೆ. ಬೇಸರ ಉಂಟು, ಆದರೆ ನಾನು ಬಿಟ್ಟುಕೊಡಲಿಲ್ಲ. ಈ ಸಲ ಎಲ್ಲರೂ ಕೋಡಂಗಿ. ದೊಡ್ಡವರು ಚಿಕ್ಕವರು ಎಂದಿಲ್ಲ. ಕೊನೆಯ ದಿನ ಸಂಜೆ ಸೂರ್ಯ ಇಳಿದ ಮೇಲೆ, ಅಂಗಳದಲ್ಲಿ, ನಾಲ್ಕು ನಾಲ್ಕು ಮಕ್ಕಳು ಬಂದು ಮೂರು ತಾಳಕ್ಕೆ ಹೆಜ್ಜೆ ಹಾಕಿ ಹೋಗುವುದು. ಉಳಿದವರು ಸುತ್ತ ಕೂತು ಬಾಯಿತಾಳ ಹೇಳಬೇಕು. ವೇಷದ ಬಾಡಿಗೆಯಲ್ಲಿ ಉಳಿದ ದುಡ್ಡಿಗೆ ಗೆಜ್ಜೆ ಕೊಳ್ಳುತ್ತೇವೆ, ಅದು ಊರಿನಲ್ಲೇ ಉಳಿಯುತ್ತದೆ. ಕುಡಿಯಲು ಪುನರ್ಪುಳಿ (ಕೋಕಂ) ನೀರು ಮತ್ತು ಮಜ್ಜಿಗೆ ಪ್ರತಿ ಒಂದು ಗಂಟೆಗೆ, ಅದಕ್ಕೆ ಗಂಟೆ ಹೊಡೆಯುವ ಕೆಲಸ ನನ್ನದು. ಕನ್ನಡಿಗೆ ನಮ್ಮ ಮನೆಯ ಕಪಾಟಿನ ಬಾಗಿಲನ್ನೇ ಕಳಚಿ ತರುತ್ತೇನೆ ಕಾವೂರಿನ ಅಮ್ಮ, ಆಳೆತ್ತರ ಉಂಟು.

ನಮ್ಮ ಓಣಿಯ ಇಬ್ಬರು ಅಜ್ಜಿಯಂದಿರನ್ನು ಕೇಳಿದೆ. ಕಾಪುವಿನವರು ಹೇಳಿದ ಹಾಗೇ, "ಎಂತದೂ ಬರುವುದಿಲ್ಲ" ಎಂದರು. ಎಲೆ ಅಡಿಕೆ ತರಿಸಿದ್ದೇನೆ.

ಇವತ್ತು ಬೆಳಿಗ್ಗೆ ಕಳೆದ ವರ್ಷ ಬಿದ್ದ ಹುಡುಗಿ ತಾಯಿಯ ಜೊತೆ ಹೆಸರು ಕೊಡಲು ಬಂದಿತ್ತು. ಬಾಗಿಲ ಹತ್ತಿರವೇ ನಿಂತಿತು, ಒಳಗೆ ಬರಲಿಲ್ಲ. "ತಲೆಗೆ ಕಟ್ಟುವುದಿಲ್ಲ ಅಲ್ವಾ ಟೀಚರ್?" ಎಂದು ಕೇಳಿತು. ಇಲ್ಲ ಎಂದೆ. "ಗೆಜ್ಜೆ?" ಗೆಜ್ಜೆ ಉಂಟು ಎಂದೆ. ಚಪ್ಪಲಿ ಬಿಟ್ಟು ಒಳಗೆ ಬಂತು. 33ನೇ ಹೆಸರು ಅದರದ್ದು.

ಕೋಟದ ಮದ್ದಳೆಯವರೇ, ಮೊದಲ ದಿನ ಬೆಳಿಗ್ಗೆ 10ಕ್ಕೆ ನೀವು ಬರಬೇಕು. ಮದ್ದಳೆ ತನ್ನಿ. ತಾಳ ಎರಡು ಜೊತೆ ಹೆಚ್ಚು ಇದ್ದರೆ ಅದನ್ನೂ ತನ್ನಿ, ನಮ್ಮಲ್ಲಿ ಇರುವ ಒಂದು ಜೊತೆಯ ದಾರ ತುಂಡಾಗಿದೆ.